ಇತಿಹಾಸದ ಅಣ್ಣಯ್ಯ ಮಾಷ್ಟ್ರು

ಉಪ್ಪುಂದದ ಕಡಲ ದಡದಲ್ಲಿ ಮಳೆಗಾಲಕ್ಕೆ ಮೀನುಗಾರಿಕೆ ನಿಂತಿತೆಂದರೆ ಅಣ್ಣಯ್ಯ ಮಾಷ್ಟ್ರ ಬೇಟೆ ಶುರು. ಸರ್ಕಾರಿ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಅವರು ಪ್ಯಾಂಟು ಮಡಚಿಕೊಂಡು ಬಲೆ ಸರಿಮಾಡುವ ಚಪ್ಪರಗಳಿಗೇ ನುಗ್ಗುತ್ತಾರೆ. ನೆರವಾಗುತ್ತೇನೆಂದು ಬಲೆ ಹಿಡಿದು, ಇದ್ದ ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ. "ಹ್ವಾಯ್ ಮಾಷ್ಟ್ರೆ, ಮೀನ್ ಹಿಡುಕಿಲ್ಲ ಅಂದೇಳಿ ಮಕ್ಳನ್ ಹಿಡುಕ್ ಬಂದ್ರ್ಯಾ?" ಎಂದು ಮೀನು ಮಾರುವ ಗುಣವತಿ ಕೆಣಕಿದರೆ, "ಹೆಣ್ ಮಕ್ಳಿಗೆ ಫೀಸ್ ಇಲ್ಲ ಕಾಣಿ, ಬಡ ಮಕ್ಳಿಗೆ ಸ್ಕಾಲರ್‌ಶಿಪ್ ಇತ್ತ್!" ಎಂದು ಮೀನಿನ ಹರಾಜಿನವರಂತೆ ಕೂಗುತ್ತಾರೆ. ಖಾಸಗಿ ಕಾಲೇಜಿನ ಹಳದಿ ಬಸ್ಸು ಕಂಡರೆ ಮಾತ್ರ ಮುಖ ಸೊಟ್ಟ ಮಾಡಿ, "ಆ ಬಸ್ಸಿಗ್ ಕೂತ್ರೆ ವಾಂತಿ ಬತ್ತ್" ಎನ್ನುತ್ತಾರೆ. ಅಂತೂ ಅವರ ಇತಿಹಾಸದ ಕ್ಲಾಸು ತುಂಬುತ್ತದೆ. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ಮರುದಿನ ಹುಡುಗರೆಲ್ಲ ಅವುಗಳ ಜೊತೆಗೇ ಮಾಯ. ಹುಡುಗಿಯರು ಮೊದಲೇ ಕಾಮರ್ಸಿನ ಪಾಲು. ಕ್ಲಾಸು ಖಾಲಿಯಾದರೆ ಇತಿಹಾಸ ವಿಭಾಗವನ್ನೇ ಮುಚ್ಚಿಸುತ್ತೇನೆಂದು ಪ್ರಿನ್ಸಿಪಾಲರು ಈ ಸಲ ಗುಡುಗಿದ್ದಾರೆ. ಉಳಿದದ್ದು ಗುಣವತಿಯ ಮಗಳು ವಿಜೇತಾ ಒಬ್ಬಳೇ. ಆದರೂ ಮಾಷ್ಟ್ರು ಸಂತೆಯ ನಡುವೆ ನಿಂತವರಂತೆ ಅಬ್ಬರಿಸಿ ಪಾಠ ಮಾಡುತ್ತಾರೆ. ಒಂದು ದಿನ ವಿಜೇತಾ ಕಿವಿ ಮುಚ್ಚಿಕೊಂಡು, "ಮೆಲ್ಲಗ್ ಹೇಳಿ ಸಾರ್, ನಾನೊಬ್ಳೇ ಇಪ್ಪುದ್" ಎಂದಳು. ಮಾಷ್ಟ್ರು ಜಗಲಿಯಲ್ಲಿ ಹತ್ತಿರವಾಗುತ್ತಿದ್ದ ಪ್ರಿನ್ಸಿಪಾಲರ ಬೂಟಿನ ಸದ್ದಿಗೆ ಕಿವಿಗೊಟ್ಟು, ಖಾಲಿ ಗೋಡೆಯ ಕಡೆ ಕೈ ಬೀಸಿ, "ಹಿಂದಿನ ಬೆಂಚಿನವರೇ, ಗಲಾಟೆ ಸಾಕು!" ಎಂದು ಗದರಿದರು. ಬೂಟಿನ ಸದ್ದು ವಿಜೇತಾಳಿಗೂ ಕೇಳಿಸಿತು. ಸದ್ದಿಲ್ಲದೆ ಎದ್ದು ಹಿಂದಿನ ಬೆಂಚಿಗೆ ಹೋಗಿ, ಗಂಡುದನಿಯಲ್ಲಿ ಕೆಮ್ಮಿದಳು.