ಓಡಿದ ಹುಳುಗಳು

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ತಲೆ ನರೆಸಿಕೊಂಡವನು ನಾನು. ನನ್ನನ್ನು ಕಂಡೊಡನೆ ಎದ್ದು ಶೌಚಾಲಯದ ಕಡೆ ಜಾರುವವನ ಹತ್ತಿರ ಟಿಕೆಟ್ ಇಲ್ಲ ಎಂಬುದು ನನ್ನ ಸಿದ್ಧಾಂತ. ನಿವೃತ್ತನಾಗಿ, ಚೆನ್ನೈಯ ಪೆರಂಬೂರಿನ ನಮ್ಮ ಮನೆಯ ತಾರಸಿಯಲ್ಲಿ ವಿಷ ಹೊಡೆಯದೆ ಗಿಡ ಬೆಳೆಸಲು ಹೊರಟಾಗಲೂ ಆ ಬುದ್ಧಿ ಬಿಡಲಿಲ್ಲ.

ದಾಸವಾಳಕ್ಕೆ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಮೆತ್ತಿಕೊಂಡಿತು. ದಿನಾ ಬೆಳಿಗ್ಗೆ ಒಂದೊಂದನ್ನೇ ಕಡ್ಡಿಯಿಂದ ಮುಟ್ಟುತ್ತಿದ್ದೆ. ಹೆಚ್ಚಿನವು ಕೂತಲ್ಲೇ ಕೂತಿರುತ್ತಿದ್ದವು. ಕೆಲವು ಮಾತ್ರ ಓಡುತ್ತಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಓಡಿದವನ್ನೆಲ್ಲ ಹೊಸಕಿದೆ, ಕೂತವನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟೆ. ಗಿಡ ಸೊರಗುತ್ತಲೇ ಹೋಯಿತು. ವಡಾಂ ಸಂಡಿಗೆ ಒಣಗಿಸಲು ಬರುವ ಕೆಳಗಿನ ಮನೆಯ ಮಾಮಿ ಗಿಡಕ್ಕೆ ಸೋಪಿನ ನೀರು ಸುರಿಯುತ್ತಾರೇನೋ ಎಂದು ಅವರ ಮೇಲೂ ಕಣ್ಣಿಟ್ಟೆ.

ಕೊನೆಗೆ ನನ್ನವಳು ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಮೇಲೆ ಬಂದು, ಎಲೆ ಮಗುಚಿ ನೋಡಿದಳು.

"ರೀ, ಸುಮ್ಮಾ ಕೂತಿರೋದು ಗಿಡದ ರಸ ಹೀರ್ತಿದೆ. ಓಡೋ ಪೂಚಿ ಬೇರೆ ಹುಳ, ಅದು ಇದನ್ನ ಹಿಡಿದು ತಿಂತಿದೆ. ಎರಡೂ ನೋಡಕ್ಕೆ ಒಂದೇ ಥರ ಬಿಳಿ, ಅಷ್ಟೇ. ಗಿಡ ಕಾಯೋಕೆ ಬಂದಿದ್ದನ್ನೇ ಕೊಂದಿರಲ್ಲ, ಚೆನ್ನಾಗಿದೆ ನಿಮ್ಮ ಚೆಕಿಂಗು!"

ನಂಬದೆ ಕನ್ನಡಿ ಕಿತ್ತುಕೊಂಡು ನಾನೂ ನೋಡಿದೆ. ಅವಳು ಹೇಳಿದ್ದು ನಿಜ.

ಕಡ್ಡಿ ಎಸೆದೆ. ಆದರೆ ಆವತ್ತಿನಿಂದ ಬೇರೊಂದು ಅನುಮಾನ ಹತ್ತಿಕೊಂಡಿದೆ. ಕಿಟಕಿಯ ಪಕ್ಕ ಪೇಪರು ಬಿಡಿಸಿಕೊಂಡು ಅಲ್ಲಾಡದೆ ಕೂತಿದ್ದವರನ್ನು ನಾನು ಯಾವತ್ತಾದರೂ ಟಿಕೆಟ್ ಕೇಳಿದ್ದೆನೇ?