ತೊಗರಿ ಹೊಲದ ಕೆಂಪು ಚುಕ್ಕಿ

ಕಂಪ್ಯೂಟರಿಗೆ ನಾವು ಕೊಟ್ಟದ್ದನ್ನಷ್ಟೇ ಅದು ತೋರಿಸುತ್ತದೆ ಎಂದು ನಂಬಿದವಳು ನಾನು. ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ನೀವೂ ನನ್ನ ಹಾಗೇ ಇದ್ದರೆ ತಪ್ಪೇನಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಜಹೀರಾಬಾದಿನ ಒಂದು ಖಾಸಗಿ ಆಂಬುಲೆನ್ಸ್ ಸಂಸ್ಥೆಯಲ್ಲಿ ನಕ್ಷೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಯಾರಾದರೂ ಕರೆ ಮಾಡಿದರೆ ಅವರಿದ್ದ ಜಾಗ ಚಾಲಕರ ಫೋನಿನಲ್ಲಿ ಕೆಂಪು ಚುಕ್ಕಿಯಾಗಿ ಮೂಡಬೇಕು. ಆದರೆ ಪ್ರತಿ ಸಲವೂ ಕಂಪ್ಯೂಟರು ಎಲ್ಲ ಊರುಗಳನ್ನೂ ಜಾಲಾಡಿ ತಡಮಾಡುತ್ತಿತ್ತು. ಸುತ್ತಲಿನ ಜಾಗಗಳನ್ನಷ್ಟೇ ಹುಡುಕುವಂತೆ ಇಂಡೆಕ್ಸ್ ಎಂಬ ಸೂಚಿ ಕಟ್ಟಿದೆ. ರೋಗಿಗಳ ಮನೆ ಕಂಡಕಂಡವರಿಗೆಲ್ಲ ತಿಳಿಯಬಾರದೆಂದು, ಚಾಲಕರಿಗೆ ತಮ್ಮ ಭಾಗದ ಕರೆಗಳು ಮಾತ್ರ ಕಾಣುವಂತೆ ನಿಯಮವನ್ನೂ ಹಾಕಿದೆ. ಎಲ್ಲವೂ ಕಾಣುತ್ತಿದ್ದದ್ದು ನನ್ನ ಪರದೆಯಲ್ಲಿ ಮಾತ್ರ.

ಅದು ಜಾರಿಗೆ ಬಂದ ಮಧ್ಯಾಹ್ನವೇ ಬಶೀರಾಬಾದ್ ಕಡೆಯ ಚಾಲಕ ಮಲ್ಲಪ್ಪಣ್ಣ ಫೋನ್ ಮಾಡಿದರು.

"ಮೇಡಂ, ಚುಕ್ಕಿ ಬಂದದ್ರಿ. ಹೊಂಟೀನಿ."

ನನ್ನ ಪರದೆಯಲ್ಲಿ ಆ ಕಡೆ ಏನೂ ಇರಲಿಲ್ಲ. ಕರೆ ಎತ್ತುವವರನ್ನು ವಿಚಾರಿಸಿದರೆ ಅಂಥ ಕರೆಯೇ ಬಂದಿರಲಿಲ್ಲ. ನನ್ನ ನಿಯಮವೇ ಎಡವಿದೆ ಅಂದುಕೊಂಡೆ. ಅಷ್ಟರಲ್ಲಿ ತಾಂಡೂರಿನಿಂದ ನಿಜವಾದ ಕರೆ ಬಂತು: ಒಬ್ಬರಿಗೆ ಎದೆನೋವು. ಆ ಭಾಗದಲ್ಲಿ ಇದ್ದದ್ದು ಮಲ್ಲಪ್ಪಣ್ಣನ ಗಾಡಿಯೊಂದೇ. ಕೂಡಲೇ ಅವರಿಗೆ ಫೋನ್ ಮಾಡಿದೆ.

"ಅಲ್ಲಿ ಯಾರೂ ಇಲ್ರಿ ಅಣ್ಣ. ವಾಪಸ್ ತಿರುಗ್ರಿ, ತಾಂಡೂರಿಗಿ ಹೋಗ್ರಿ."

"ಮುಟ್ಟೇ ಬಿಟ್ಟೀನ್ರಿ. ಒಮ್ಮಿ ನೋಡ್ತೀನಿ."

ಫೋನಿನಲ್ಲಿ ಗಾಡಿಯ ಬಾಗಿಲು ತೆರೆದ ಸದ್ದು. ತೊಗರಿ ಗಿಡಗಳನ್ನು ಸರಿಸಿಕೊಂಡು ಓಡುವ ಸದ್ದು. ಆಮೇಲೆ ಏನೂ ಇಲ್ಲ. ತಾಂಡೂರಿನ ರೋಗಿಯನ್ನು ನಾನೇ ಕೊಲ್ಲುತ್ತಿದ್ದೇನೆ ಎನ್ನಿಸಿತು.

"ಹೆಣ್ಮಗಳು ಬಿದ್ದಾಳ್ರಿ! ಹಾವು ಕಡದದ. ಉಸಿರು ಅದ!"

ಆಕೆಯನ್ನು ತಾಂಡೂರಿನ ಆಸ್ಪತ್ರೆಗೆ ಒಯ್ದರು. ಎದೆನೋವಿನವರನ್ನು ಮನೆಯವರೇ ಆಟೋದಲ್ಲಿ ಅಲ್ಲಿಗೆ ಮುಟ್ಟಿಸಿದ್ದರು. ಇಬ್ಬರೂ ಉಳಿದರು.

ಆಕೆಯ ಹೆಸರು ಕಲಾವತಿ. ಚೇತರಿಸಿಕೊಂಡ ಮೇಲೆ ನೋಡಲು ಹೋದೆ.

"ಫೋನ್ ಮನ್ಯಾಗೇ ಇತ್ತವ್ವ. ಕೂಗಬೇಕಂದ್ರ ನಾಲಿಗಿನೇ ಏಳ್ಲಿಲ್ಲ. ಯಾರು ಕಳಸಿದ್ರು ಅವರ್ನ?"

ಕಚೇರಿಗೆ ಮರಳಿ ಅಳಿಸಿದ ದಾಖಲೆ, ಹಳೆಯ ಕರೆ, ಮಲ್ಲಪ್ಪಣ್ಣನ ಫೋನ್, ಎಲ್ಲವನ್ನೂ ಹುಡುಕಿದೆ. ಆ ಹೊಲದಲ್ಲಿ ಯಾವತ್ತೂ ಯಾವ ಚುಕ್ಕಿಯೂ ಇರಲಿಲ್ಲ. ನನ್ನ ನಿಯಮ ತಪ್ಪಿದ್ದರೆ ಮುಚ್ಚಿಟ್ಟ ಬೇರೆ ಭಾಗದ ಕರೆ ಕಂಡೀತು. ಇಲ್ಲದ್ದು ಕಾಣುವುದು ಹೇಗೆ? ಮಲ್ಲಪ್ಪಣ್ಣ ಇವತ್ತಿಗೂ ಹೇಳುವುದು ಒಂದೇ ಮಾತು: "ಕಣ್ಣಾರೆ ನೋಡೀನ್ರಿ." ಅವರು ಸುಳ್ಳಾಡುವವರಲ್ಲ. ಅವರು ನನ್ನ ಮಾತು ಕೇಳಿ ಗಾಡಿ ತಿರುಗಿಸಿದ್ದರೆ ಕಲಾವತಿ ಉಳಿಯುತ್ತಿರಲಿಲ್ಲ.