ಪರೀಕ್ಷೆ ಬೇಡ ಎಂದ ಒಂದು ಸಾಲು

ಕಾರ್ಖಾನೆಯಲ್ಲಿ ನನ್ನ ತಮ್ಮನಿಗೆ ಸೋರ್ಸಪ್ಪ ಎಂದೇ ಹೆಸರು. ಬೇರೆಯವರು ಕಟ್ಟಿಕೊಟ್ಟ ಸಾಫ್ಟ್‌ವೇರನ್ನು ಅವನು ಮುಟ್ಟುತ್ತಿರಲಿಲ್ಲ. ಸೋರ್ಸ್ ಕೋಡ್ ಎಂಬ ಮೂಲ ಬರಹ ತರಿಸಬೇಕು, ತನ್ನ ಯುನಿಕ್ಸ್ ಕಂಪ್ಯೂಟರಿನಲ್ಲೇ ಅದನ್ನು ಬಿಲ್ಡ್ ಮಾಡಿ ಕಟ್ಟಬೇಕು, ಆಮೇಲೇ ಯಂತ್ರಗಳಿಗೆ ಹಾಕುವ ಪ್ಯಾಕೇಜು. ಅಂಗಡಿಯ ಹಿಟ್ಟನ್ನು ನಂಬದೆ ಕಾಳು ತಂದು ಬೀಸುತ್ತಿದ್ದ ಅಮ್ಮನ ಬುದ್ಧಿ ಅವನಿಗೆ ಬಂದಿತ್ತು. ನನಗೆ ಬಂದದ್ದು ಅಪ್ಪನ ಕೈ. ಅಪ್ಪ ಮೊದಲು ಹೊಡೆದು ಆಮೇಲೆ ವಿಚಾರಿಸುವವನು.

ತಗಡು ಒತ್ತುವ ಪ್ರತಿ ಪ್ರೆಸ್ಸಿಗೂ ಅದನ್ನು ನಡೆಸುವ ಒಂದು ಪುಟ್ಟ ಕಂಪ್ಯೂಟರಿತ್ತು. ಪ್ಯಾಕೇಜನ್ನು ಒಂದೊಂದಕ್ಕೂ ಕೈಯಾರೆ ಹಾಕಿ ಹಾಕಿ ಬೇಸತ್ತ ತಮ್ಮ, ಎಲ್ಲವೂ ತಾನಾಗಿ ನಡೆಯುವಂತೆ ಸ್ಕ್ರಿಪ್ಟ್ ಬರೆದ. ಸೋರ್ಸ್ ಬದಲಾದರೆ ಬಿಲ್ಡು, ಬಿಲ್ಡಾದರೆ ಪರೀಕ್ಷೆಗಳು, ಎಲ್ಲ ಪಾಸಾದರೆ ಪ್ಯಾಕೇಜು ನೇರ ಪ್ರೆಸ್ಸಿಗೆ. ಒಂದು ಪರೀಕ್ಷೆ ಮಾತ್ರ ದಿನಾ ಫೇಲಾಗುತ್ತಿತ್ತು. ಪ್ರೆಸ್ಸಿನ ಬಾಯಿಯ ಮುಂದೆ ಹಾಯುವ ಬೆಳಕಿನ ಗೆರೆಗೆ ಕೈ ಅಡ್ಡ ಬಂದರೆ ಪ್ರೆಸ್ಸು ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಬಿಲ್ಡ್ ಯಂತ್ರಕ್ಕೆ ಆ ಬೆಳಕಿನ ಗೆರೆಯೇ ಇಲ್ಲವಲ್ಲ, ಪಾಸಾಗುವುದೆಲ್ಲಿಂದ? ಸದ್ಯಕ್ಕೆ ಇದೊಂದನ್ನು ಬಿಡು ಎಂದು ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬರೆದ. ಆಮೇಲೆ ಮರೆತ.

ಹನ್ನೆರಡನೆಯ ದಿನ ದೋಷವಿದ್ದ ಪ್ಯಾಕೇಜು ಸಲೀಸಾಗಿ ಪ್ರೆಸ್ಸಿಗೆ ಹೋಯಿತು. ಪ್ರೆಸ್ಸು ಅಲ್ಲಿ ಕೆಲಸಕ್ಕಿದ್ದ ನನ್ನ ಗಂಡನ ಬಲಗೈ ಮೇಲೆ ಬಿತ್ತು. ಓಡಿ ಬಂದವನೊಬ್ಬ ಕೆಳಗೆ ಬಿದ್ದ ಕೈಗವಸನ್ನು ಎತ್ತಿಕೊಂಡು, ಅದು ಖಾಲಿಯಿಲ್ಲ ಎಂದು ತಿಳಿದು ಚೀರಿ ಎಸೆದನಂತೆ.

ಪ್ರೆಸ್ಸು ನಡುವೆ ನಿಲ್ಲದಿರಲೆಂದು ಬೆಳಕಿನ ಗೆರೆಯ ಕಣ್ಣಿಗೆ ಟೇಪು ಅಂಟಿಸಿದವನು ಇವನೇ ಎಂದ ಮ್ಯಾನೇಜರ್. ವಿಚಾರಣೆಯಲ್ಲಿ ಅದೇ ನಿಂತರೆ ನನ್ನ ಗಂಡ ಕೈಯನ್ನೂ ಕಳೆದುಕೊಂಡು ಕಳ್ಳನ ಹಾಗೆ ಹೊರಬೀಳಬೇಕಿತ್ತು.

ವಿಚಾರಣೆಯ ಹಿಂದಿನ ಸಂಜೆ ತಮ್ಮ ನಮ್ಮ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಕೈಯೂರಿ ನಿಂತ.

"ಅಕ್ಕಾ, ಭಾವಂದು ತಪ್ಪಿಲ್ಲ. ಆ ಪರೀಕ್ಷೆ ಬಿಡು ಅಂತ ಬರೆದೋನು ನಾನೇ. ನಾಳೆ ಎಲ್ಲರ ಮುಂದೆ ಹೇಳ್ತೀನಿ."

ಕೊನೆಯ ಮಾತು ನನ್ನ ತಲೆಗೆ ಹೋಗಲೇ ಇಲ್ಲ. ಕುಟ್ಟಾಣಿಯ ಕಬ್ಬಿಣದ ಗುಂಡು ಕೈಯಲ್ಲಿತ್ತು. ಅವನ ಬೆರಳುಗಳ ಮೇಲೆ ಬಾರಿಸಿದೆ. ಲಟಕ್ಕೆಂದಿತು. ಮತ್ತೆ ಬಾರಿಸಿದೆ. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ, ಅದಕ್ಕೇ ರೊಚ್ಚಿಗೆದ್ದು ಮೂರನೆಯ ಸಲ ಬಾರಿಸಿದೆ. ಗಂಡ ಓಡಿ ಬಂದು ಭುಜದಿಂದ ನನ್ನನ್ನು ಗೋಡೆಗೆ ನೂಕಿದ.

"ಬಿಡೇ! ಸಾಯಿಸ್ತೀಯಾ ಅವನನ್ನ?"

ಮರುದಿನ ತಮ್ಮನ ಕೈಯ ಪ್ಲಾಸ್ಟರ್ ನೋಡಿ ಮ್ಯಾನೇಜರ್ ನಕ್ಕ.

"ಮನೆಯವರು ಬಡಿದು ಹೇಳಿಸಿರೋ ಮಾತು ಇದು. ಇದನ್ನ ಯಾರು ನಂಬ್ತಾರೆ?"

ಎಲ್ಲರೂ ನನ್ನತ್ತ ತಿರುಗಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಗಂಡನ ಪರವಾಗಿದ್ದ ಒಂದೇ ಸಾಕ್ಷಿಯನ್ನು ನಾನೇ ಕುಟ್ಟಿ ಹಾಕಿದ್ದೆ.

"ನನ್ನ ಮಾತು ನಂಬಬೇಡಿ ಸಾರ್," ಎಂದ ತಮ್ಮ. "ಆ ಪ್ಯಾಕೇಜನ್ನ ನೀವು ಅಳಿಸಿದ್ದೀರಿ. ಸೋರ್ಸ್ ಇದೆಯಲ್ಲ, ಮತ್ತೆ ಕಟ್ತೀನಿ."

ಎಡಗೈಯ ಒಂದೇ ಬೆರಳಲ್ಲಿ ಕುಟ್ಟುತ್ತಾ ಕೂತ. ಒಂದೂವರೆ ಗಂಟೆ ಬಿಲ್ಡ್ ಓಡಿತು. ಒಂದಕ್ಷರ ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆಯೊಂದು ಪ್ರತಿ ಪ್ಯಾಕೇಜಿಗೂ ಇರುತ್ತದಂತೆ. ಹೊಸ ಪ್ಯಾಕೇಜಿನ ಸಂಖ್ಯೆ, ಅಪಘಾತದ ದಿನ ಪ್ರೆಸ್ಸು ಬರೆದಿಟ್ಟುಕೊಂಡ ಸಂಖ್ಯೆಗೆ ಅಂಕಿ ಅಂಕಿಯೂ ಹೊಂದಿತು. ಅಂದರೆ ಅದೇ ಪ್ಯಾಕೇಜು. ಅದನ್ನು ಪ್ರೆಸ್ಸಿಗೆ ಹಾಕಿ, ಟೇಪಿಲ್ಲದ ಬೆಳಕಿನ ಗೆರೆಗೆ ಅಡ್ಡಲಾಗಿ ಒಂದು ಹಲಗೆ ಚಾಚಿದ. ಪ್ರೆಸ್ಸು ನಿಲ್ಲಲಿಲ್ಲ. ಹಲಗೆ ಪುಡಿಯಾಗಿ, ಒಂದು ಚೂರು ಸಿಡಿದು ಮ್ಯಾನೇಜರನ ಕೆನ್ನೆ ಸೀಳಿತು. ಸುಳ್ಳೇಕೆ, ನನಗೆ ಖುಷಿಯಾಯಿತು.

ಕಾರ್ಮಿಕರು ಮೊದಲು ಮ್ಯಾನೇಜರನ ಕೊರಳಪಟ್ಟಿ ಹಿಡಿದರು, ಆಮೇಲೆ ತಮ್ಮನದು. ಅವನನ್ನು ಕೆಡವಿ ಬೂಟುಗಾಲಲ್ಲಿ ತುಳಿದರು. ನನ್ನ ಗಂಡ ಅವನ ಮೇಲೆ ಬೋರಲು ಬಿದ್ದು, ಬ್ಯಾಂಡೇಜಿನ ತೋಳಿಗೇ ಒದೆ ತಿಂದ.

ಗಂಡನ ಹೆಸರು ಉಳಿಯಿತು. ತಮ್ಮನ ಕೆಲಸ ಹೋಯಿತು, ಎರಡು ಬೆರಳು ಇನ್ನು ಮಡಚುವುದಿಲ್ಲ. ಮನೆಗೆ ಬಂದ ಮೇಲೆ ಗಂಡನ ತೋಳಿನ ರಕ್ತದ ಬಟ್ಟೆ ಬಿಚ್ಚುತ್ತಾ ಗೊಣಗಿದೆ:

"ನೀವ್ಯಾಕ್ರೀ ಅವನ ಮೇಲೆ ಬಿದ್ರಿ? ನಿಮ್ಮ ಕೈ ತೆಗೆದೋನು ಅವನೇ ಅಲ್ವಾ?"

"ಅಲ್ಲಿ ನನ್ನ ಕೈ ಇರುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ ಕಣೇ," ಎಂದ. "ನೀನು ನೋಡ್ಕೊಂಡೇ ಹೊಡೆದೆ."